‘ಎನ್ನಲಾಗಿದೆ’ ಅಂದವರು ಯಾರು?

ಓದುಗರ ಪ್ರಶ್ನೆ, ನಮ್ಮ ಉತ್ತರ: ವರದಿಗಾರಿಕೆ ವಿಶೇಷ

1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ‘ಮಂಗಳೂರು ಸಮಾಚಾರ’ ಹೊರತಂದರು. ಕನ್ನಡದ ಆ ಮೊದಲ ಪತ್ರಿಕೆಯ ನೆನಪಿಗೆ ಪ್ರತಿ ಜುಲೈಯಲ್ಲಿ ಊರೂರಲ್ಲಿ ಪತ್ರಿಕಾ ದಿನ ನಡೆಯುತ್ತದೆ. ವೇದಿಕೆಯ ಮೇಲೆ ‘ಪತ್ರಿಕಾ ಧರ್ಮ’ ಎಂಬ ಮಾತು ಹತ್ತಾರು ಸಲ ಬರುತ್ತದೆ. ನಮಗೆ ಬಂದ ಪತ್ರಗಳಲ್ಲಿ ಆ ಮಾತು ಒಮ್ಮೆಯೂ ಇಲ್ಲ. ಜಾಹೀರಾತು ಟಾರ್ಗೆಟ್, ರಸ್ತೆಯ ಬಿಲ್ಲು, ಫೋನ್ ರೆಕಾರ್ಡಿಂಗು, ಊರಿನ ಹೆಸರು ಹಾಕಬೇಕೋ ಬೇಡವೋ ಎಂಬ ಪೇಚಾಟ, ಇಂಥವೇ ಇವೆ. ಆಯ್ದ ಕೆಲವಕ್ಕೆ ಉತ್ತರ ಇಲ್ಲಿದೆ.

ಬಿ.ಎ. ಮುಗಿಸಿದ್ದೇನೆ. ಪತ್ರಿಕೋದ್ಯಮ ಓದಿಲ್ಲ. ದಿನಪತ್ರಿಕೆಯಲ್ಲಿ ವರದಿಗಾರ್ತಿ ಆಗಬೇಕೆಂದರೆ ಮತ್ತೆ ಎರಡು ವರ್ಷ ಎಂ.ಎ. ಮಾಡಲೇಬೇಕೇ?
– ಓದುಗರು, ಹಾವೇರಿ ಜಿಲ್ಲೆ

ಮಾಡಲೇಬೇಕೆಂದಿಲ್ಲ. ವಕೀಲರಿಗೆ, ವೈದ್ಯರಿಗೆ ಇರುವಂಥ ಕಡ್ಡಾಯ ನೋಂದಣಿ ಪತ್ರಕರ್ತರಿಗೆ ಇಲ್ಲ. ಪತ್ರಿಕೋದ್ಯಮದ ಪದವಿ ಇದ್ದರೆ ಸಂದರ್ಶನದವರೆಗೆ ದಾರಿ ಸಲೀಸು, ಅಷ್ಟೆ. ತರಬೇತಿ ಹುದ್ದೆಗೆ ನಡೆಸುವ ಲಿಖಿತ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ, ಕೊಟ್ಟ ವಿವರಗಳಿಂದ ಒಂದು ಸುದ್ದಿ, ಎರಡು ಮೂರು ಶೀರ್ಷಿಕೆ, ಪ್ರಚಲಿತ ವಿದ್ಯಮಾನ ಇರುತ್ತವೆ. ಹೆಚ್ಚಿನವರು ಜಾರುವುದು ಅನುವಾದದಲ್ಲಿ. ಪದಕ್ಕೆ ಪದ ಇಟ್ಟು, ಕೊನೆಗೆ ಕರ್ತೃ ಎಲ್ಲಿ ಕ್ರಿಯಾಪದ ಎಲ್ಲಿ ಎಂದು ಹುಡುಕುವ ಸ್ಥಿತಿ ತಂದುಕೊಳ್ಳುತ್ತಾರೆ.

ಮನೆಯಲ್ಲೇ ಮಾಡಬಹುದಾದ ಅಭ್ಯಾಸ ಹೀಗಿದೆ. ಯಾವುದಾದರೂ ಇಲಾಖೆಯ ಪತ್ರಿಕಾ ಪ್ರಕಟಣೆ ಹಿಡಿದು ಅದನ್ನು 120 ಪದಗಳ ಸುದ್ದಿಯಾಗಿ ಇಳಿಸಿ. ಸಚಿವರ ಹೆಸರು ಮೊದಲ ಸಾಲಿಗೆ ಬರಬೇಕೇ, ಅಥವಾ ಯೋಜನೆಯಿಂದ ಯಾರಿಗೆ ಏನು ಸಿಗುತ್ತದೆ ಎಂಬುದೇ, ಎಂದು ದಿನಾ ನಿರ್ಧರಿಸಿದರೆ ಇಂಟ್ರೊ, ಅಂದರೆ ಸುದ್ದಿಯ ಆರಂಭದ ಸಾಲು, ಕೈಗೆ ಹತ್ತುತ್ತದೆ. ನಿಮ್ಮ ಊರಿನ ಗ್ರಾಮಸಭೆಗೆ ಹೋಗಿ ಪೂರ್ತಿ ಕುಳಿತು ಬರೆಯಿರಿ. ಪುರಸಭೆಯ ಬಜೆಟ್ ಪ್ರತಿ ಓದಿ. ಯೂನಿಕೋಡ್ ಮತ್ತು ನುಡಿ ತಂತ್ರಾಂಶ ಎರಡರಲ್ಲೂ ಟೈಪಿಂಗ್ ಬರಲಿ. ಫೋನಿಗೆ ಮಾತಾಡಿ ಟೈಪ್ ಮಾಡಿಸುವ ಚಾಳಿ ಮಾತ್ರ ಬೇಡ, ಹೆಸರು ಮತ್ತು ಅಂಕಿಗಳು ಕೆಡುವುದೇ ಅಲ್ಲಿ.

ಮೊದಲ ಕೆಲಸ ತಾಲ್ಲೂಕು ಮಟ್ಟದ ಅರೆಕಾಲಿಕ ವರದಿಗಾರರದ್ದೇ ಆಗುವ ಸಂಭವ ಹೆಚ್ಚು. ಒಪ್ಪುವ ಮೊದಲು ನಾಲ್ಕು ಸಂಗತಿ ಕೇಳಿ. ಸಂಭಾವನೆ ತಿಂಗಳಿಗೋ ಪ್ರಕಟವಾದ ಸುದ್ದಿಗೋ? ನೇಮಕದ ಪತ್ರ ಕೊಡುತ್ತೀರಾ? ಸುದ್ದಿಯ ಮೇಲೆ ಕೇಸು ಬಿದ್ದರೆ ವಕೀಲರ ಖರ್ಚು ಯಾರದು? ಜಾಹೀರಾತು ತರಬೇಕೇ? ಕೊನೆಯದಕ್ಕೆ ‘ನೋಡೋಣ ಬಿಡಿ’ ಎಂಬ ಉತ್ತರ ಬಂದರೆ, ಹೌದು ಎಂದೇ ತಿಳಿಯಿರಿ.

ತಾಲ್ಲೂಕು ವರದಿಗಾರ ನಾನು. ರಾಜ್ಯೋತ್ಸವ, ದೀಪಾವಳಿ ಬಂದರೆ ಪುರವಣಿಗೆ ಜಾಹೀರಾತು ಟಾರ್ಗೆಟ್ ಬರುತ್ತದೆ. ಪಂಚಾಯಿತಿ, ಸೊಸೈಟಿ, ಗುತ್ತಿಗೆದಾರರ ಹತ್ತಿರವೇ ಹೋಗಬೇಕು. ಮರುದಿನ ಅವರ ವಿರುದ್ಧ ಬರೆಯುವುದು ಹೇಗೆ?
– ಓದುಗರು, ಕಲಬುರಗಿ ವಿಭಾಗ

ಜಾಹೀರಾತು ಕೇಳುವ ಮುಜುಗರ ಒಂದು ಮಟ್ಟದ್ದು. ನಿಜವಾದ ಉರುಳು ಬಾಕಿ ಬಿಲ್ಲಿನಲ್ಲಿದೆ. ಪಂಚಾಯಿತಿ ಶುಭಾಶಯದ ಜಾಹೀರಾತು ಕೊಡುತ್ತದೆ, ದುಡ್ಡು ತಿಂಗಳುಗಟ್ಟಲೆ ಬರುವುದಿಲ್ಲ. ದುಡ್ಡು ಬರುವವರೆಗೆ ನಿಮ್ಮ ಕಮಿಷನ್ನೂ ಇಲ್ಲ. ಅಲ್ಲಿಗೆ ನೀವು ಆ ಕಚೇರಿಯ ವರದಿಗಾರರೂ ಹೌದು, ಸಾಲಗಾರರ ಬಾಗಿಲಲ್ಲಿ ನಿಂತ ಸಾಲ ಕೊಟ್ಟವರೂ ಹೌದು. ಚರಂಡಿ ಕಟ್ಟಿಕೊಂಡ ಸುದ್ದಿ ಬರೆಯುವಾಗ ಪಿಡಿಒ ಮೇಜಿನ ಮೇಲಿರುವ ನಿಮ್ಮ ಬಿಲ್ಲು ಕಣ್ಣ ಮುಂದೆ ಬರುತ್ತದೆ. ಯಾರೂ ಬೆದರಿಸಿರುವುದಿಲ್ಲ, ಲಂಚ ಕೊಟ್ಟಿರುವುದಿಲ್ಲ, ಆದರೂ ಸುದ್ದಿ ನಾಲ್ಕು ದಿನ ತಡವಾಗುತ್ತದೆ.

ವರದಿಗಾರರಿಗೆ ಟಾರ್ಗೆಟ್ ಹಾಕುವುದೇ ತಪ್ಪು ಎಂಬುದು ನಮ್ಮ ಖಚಿತ ಅಭಿಪ್ರಾಯ. ಹಾಗೆಂದು ನಿಮಗೆ ರಾಜೀನಾಮೆ ಕೊಡಿ ಎನ್ನುವುದು ಸುಲಭದ ಉಪದೇಶ. ಮಾಡಲಾಗುವುದನ್ನು ಹೇಳುತ್ತೇವೆ. ಯಾರ ಕುರಿತ ದೂರು, ತನಿಖೆ, ಕಾಮಗಾರಿಯ ಸುದ್ದಿ ನಿಮ್ಮ ಕೈಯಲ್ಲಿದೆಯೋ ಅವರ ಪಟ್ಟಿಯನ್ನು ಬ್ಯೂರೊ ಮುಖ್ಯಸ್ಥರಿಗೆ ಇಮೇಲ್ ಮಾಡಿ, ‘ಇವರನ್ನು ಜಾಹೀರಾತು ವಿಭಾಗದವರು ನೇರವಾಗಿ ಸಂಪರ್ಕಿಸಲಿ’ ಎಂದು ಬರೆಯಿರಿ. ಬಾಯಿಮಾತು ಬೇಡ, ಇಮೇಲೇ ಇರಲಿ. ಜಾಹೀರಾತಿನ ಹಣ ನಿಮ್ಮ ಹೆಸರಿಗೆ, ನಿಮ್ಮ ಫೋನ್‌ಪೇಗೆ ಎಂದೂ ಬರಬಾರದು. ಬಿಡುಗಡೆ ಆದೇಶ, ಅಂದರೆ ಆರ್‌ಒ, ಸಂಸ್ಥೆಯ ಹೆಸರಿಗೆ ಇರಲಿ, ಪಾವತಿ ಸಂಸ್ಥೆಯ ಖಾತೆಗೆ ಹೋಗಲಿ. ‘ನಗದು ಕೊಡ್ತೀನಿ, ರಸೀದಿ ಬೇಡ’ ಎನ್ನುವವರು ಕೊಡುತ್ತಿರುವುದು ಜಾಹೀರಾತನ್ನಲ್ಲ.

ಚುನಾವಣೆ ಹೊತ್ತಿನಲ್ಲಿ ಇದೇ ದಾರಿ ನೇರವಾಗಿ ಪಾವತಿ ಸುದ್ದಿಗೆ, ಅಂದರೆ ದುಡ್ಡು ಪಡೆದು ಸುದ್ದಿಯ ವೇಷದಲ್ಲಿ ಹಾಕುವ ಪ್ರಚಾರಕ್ಕೆ, ಹೋಗುತ್ತದೆ. 2009ರ ಲೋಕಸಭಾ ಚುನಾವಣೆಯಲ್ಲಿ ನಡೆದ ಈ ವ್ಯಾಪಾರದ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ 2010ರಲ್ಲಿ ವರದಿಯನ್ನೇ ತಂದಿತು. ಈಗ ಪ್ರತಿ ಜಿಲ್ಲೆಯಲ್ಲೂ ಚುನಾವಣಾಧಿಕಾರಿಗಳ ಅಡಿಯಲ್ಲಿ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ ಇರುತ್ತದೆ. ಪಾವತಿ ಸುದ್ದಿ ಎಂದು ತೀರ್ಮಾನವಾದರೆ ಅದರ ದರ ಅಭ್ಯರ್ಥಿಯ ಚುನಾವಣಾ ವೆಚ್ಚಕ್ಕೆ ಸೇರುತ್ತದೆ. ಸಮಿತಿ ಹುಡುಕುವ ಗುರುತುಗಳನ್ನು ಓದುಗರೂ ಹುಡುಕಬಹುದು: ಎರಡು ಪತ್ರಿಕೆಗಳಲ್ಲಿ ಅಕ್ಷರ ಬದಲಾಗದ ಒಂದೇ ಬರಹ, ಬೈಲೈನ್ (ಬರೆದವರ ಹೆಸರು) ಇಲ್ಲ, ಎದುರಾಳಿಯ ಹೆಸರೇ ಇಲ್ಲ, ಹೋದಲ್ಲೆಲ್ಲ ‘ಅಭೂತಪೂರ್ವ ಬೆಂಬಲ’.

ಪತ್ರಿಕಾಗೋಷ್ಠಿಯಲ್ಲಿ ಕೊಡುವ ಬ್ಯಾಗು, ಊಟ, ‘ಪೆಟ್ರೋಲ್ ಖರ್ಚು’ ಎಂಬ ಕವರು. ಎಲ್ಲಿ ಗೆರೆ ಎಳೆಯಬೇಕು?
– ಓದುಗರು, ದಾವಣಗೆರೆ

ಕವರು ಬೇಡವೇ ಬೇಡ, ಅದರಲ್ಲಿ ಚರ್ಚೆ ಇಲ್ಲ. ಚಹಾ, ಊಟ ಸರಿ. ಪೆನ್ನು, ಪ್ಯಾಡು ನಡೆಯುತ್ತದೆ. ಅದಕ್ಕಿಂತ ಬೆಲೆಯುಳ್ಳದ್ದು ಬಂದರೆ ಅಲ್ಲೇ ಮೇಜಿನ ಮೇಲೆ ಬಿಟ್ಟು ಬನ್ನಿ. ಮನೆಗೆ ಒಯ್ದು ವಾಪಸು ಕಳಿಸುವುದು ಎಂದೂ ಆಗುವುದಿಲ್ಲ. ಆಹ್ವಾನಿಸಿದವರ ಖರ್ಚಿನಲ್ಲಿ ಪ್ರವಾಸ ಹೋಗಿ ಬರೆದರೆ ‘ಅವರ ಆಹ್ವಾನದ ಮೇರೆಗೆ ವರದಿಗಾರರು ಭೇಟಿ ನೀಡಿದ್ದರು’ ಎಂಬ ಸಾಲು ಸುದ್ದಿಯ ಕೆಳಗೆ ಇರಬೇಕು. ಬೈಕಿನ ಮೇಲಿನ ‘ಪ್ರೆಸ್’ ಸ್ಟಿಕ್ಕರ್ ಹೆಲ್ಮೆಟ್ ದಂಡ ತಪ್ಪಿಸಲಿಕ್ಕಲ್ಲ, ಇದನ್ನೂ ಕೇಳಿದವರಿದ್ದಾರೆ.

ಸ್ಥಳೀಯ ಸುದ್ದಿ ಪುಟ ಓದಿದರೆ ಬರೀ ‘ಎನ್ನಲಾಗಿದೆ’, ‘ತಿಳಿದುಬಂದಿದೆ’, ‘ಹೇಳಲಾಗುತ್ತಿದೆ’. ಅಂದವರು ಯಾರು, ತಿಳಿದದ್ದು ಯಾರಿಗೆ?
– ನಿವೃತ್ತ ಕನ್ನಡ ಅಧ್ಯಾಪಕರು, ಧಾರವಾಡ

ನಿಮ್ಮ ಸಿಟ್ಟು ವ್ಯಾಕರಣದ್ದು ಮಾತ್ರ ಅಲ್ಲ ಅಂದುಕೊಳ್ಳುತ್ತೇವೆ. ಕರ್ಮಣಿ ಪ್ರಯೋಗದಲ್ಲಿ ಕರ್ತೃವನ್ನು ಬಚ್ಚಿಡುವ ಅನುಕೂಲ ಇದೆ. ಆ ಅನುಕೂಲವನ್ನು ನಮ್ಮ ವರದಿಗಾರಿಕೆ ವಿಪರೀತ ಬಳಸುತ್ತದೆ. ಮಾದರಿಗಾಗಿ ಬರೆದ ಒಂದು ಕಾಪಿ, ಅಂದರೆ ಸುದ್ದಿಯ ಬರಹ, ನೋಡಿ:

‘ಪಟ್ಟಣದ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರ ನಿರ್ಲಕ್ಷ್ಯದಿಂದ ಬಾಣಂತಿಯೊಬ್ಬರು ಮೃತಪಟ್ಟಿದ್ದಾರೆ ಎನ್ನಲಾಗಿದೆ. ಹೆರಿಗೆ ವೇಳೆ ವೈದ್ಯರು ಕರ್ತವ್ಯದಲ್ಲಿ ಇರಲಿಲ್ಲ ಎಂದು ತಿಳಿದುಬಂದಿದೆ. ಘಟನೆಗೆ ಸಾರ್ವಜನಿಕರು ತೀವ್ರ ಆಕ್ರೋಶ ವ್ಯಕ್ತಪಡಿಸಿದ್ದಾರೆ.’

ಮೂರು ವಾಕ್ಯ, ಹೇಳಿದವರು ಒಬ್ಬರೂ ಇಲ್ಲ. ಡೆಸ್ಕಿನವರು, ಅಂದರೆ ಕಾಪಿ ತಿದ್ದುವ ಉಪಸಂಪಾದಕರು, ಇದನ್ನು ವಾಪಸು ಕಳಿಸಿ ಕೇಳಬೇಕಾದ್ದು: ನಿರ್ಲಕ್ಷ್ಯ ಎಂದವರು ಯಾರು? ವೈದ್ಯರು ಇರಲಿಲ್ಲ ಎಂಬುದಕ್ಕೆ ದಾಖಲೆ ಏನು? ಹೆರಿಗೆ ಎಷ್ಟು ಹೊತ್ತಿಗೆ? ಆಕ್ರೋಶ ವ್ಯಕ್ತಪಡಿಸಿದವರು ಎಷ್ಟು ಜನ, ಎಲ್ಲಿ? ವರದಿಗಾರರು ಇನ್ನೊಮ್ಮೆ ಆಸ್ಪತ್ರೆಗೆ ಹೋಗಿ ಬಂದರೆ ಕಾಪಿ ಹೀಗಾಗುತ್ತದೆ:

‘ಪಟ್ಟಣದ ಸರ್ಕಾರಿ ಆಸ್ಪತ್ರೆಯಲ್ಲಿ ಮಂಗಳವಾರ ನಸುಕಿನಲ್ಲಿ ಹೆರಿಗೆಯಾದ 24 ವರ್ಷದ ಮಹಿಳೆ ನಾಲ್ಕು ಗಂಟೆಗಳ ನಂತರ ಮೃತಪಟ್ಟರು. ಹೆರಿಗೆ ವೇಳೆ ವೈದ್ಯರು ಇರಲಿಲ್ಲ, ಶುಶ್ರೂಷಾಧಿಕಾರಿಯೊಬ್ಬರೇ ಇದ್ದರು ಎಂದು ಪತಿ ದೂರಿದರು. ಹೆರಿಗೆ 2.40ಕ್ಕೆ ಆಗಿದೆ ಎಂದು ಕುಟುಂಬದ ಬಳಿ ಇರುವ ಕೇಸ್ ಶೀಟ್ ಪ್ರತಿಯಲ್ಲಿದೆ. ಪಾಳಿಯ ವೈದ್ಯರು 3.10ಕ್ಕೆ ಬಂದರು ಎಂದು ಆಡಳಿತ ವೈದ್ಯಾಧಿಕಾರಿ ಒಪ್ಪಿಕೊಂಡರು. ಸಾವಿನ ಕಾರಣ ಮರಣೋತ್ತರ ಪರೀಕ್ಷೆಯ ವರದಿ ಬಂದ ಮೇಲಷ್ಟೇ ಗೊತ್ತಾಗಲಿದೆ ಎಂದರು.’

‘ನಿರ್ಲಕ್ಷ್ಯ’ ಎಂಬ ಪದ ಬಿದ್ದುಹೋಯಿತು, ಆದರೆ 30 ನಿಮಿಷದ ಅಂತರ ಪುಟಕ್ಕೆ ಬಂತು. ವೈದ್ಯರ ಮೇಲೆ ತೂಕ ಬಿದ್ದದ್ದು ಎರಡನೆಯ ಕಾಪಿಯಲ್ಲಿ. ಕೋರ್ಟಿನಲ್ಲಿ ನಿಲ್ಲುವುದೂ ಅದೇ. ‘ಎನ್ನಲಾಗಿದೆ’ ಸೇರಿಸಿದರೆ ಮಾನನಷ್ಟ ಮೊಕದ್ದಮೆಯಿಂದ ಪಾರು ಎಂಬ ನಂಬಿಕೆ ಸುದ್ದಿಮನೆಗಳಲ್ಲಿ ಬಲವಾಗಿದೆ, ಅದು ಸುಳ್ಳು. ಬೇರೆಯವರು ಹೇಳಿದ್ದನ್ನು ಅಚ್ಚು ಹಾಕಿದರೂ ಪ್ರಕಟಿಸಿದ ಹೊಣೆ ತಪ್ಪುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಮಾನಹಾನಿಗೆ ಎರಡು ವರ್ಷದವರೆಗೆ ಸಜೆ ಇದೆ. ನಿಜ ಹೇಳಿದ್ದು ಎಂಬ ಸಮರ್ಥನೆಯೊಂದೇ ಅಲ್ಲಿ ಸಾಲದು. ಅದನ್ನು ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕೆ ಎಂದೂ ತೋರಿಸಬೇಕು.

ಇದರ ತಮ್ಮ ‘ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ’. ರಾತ್ರಿ ಹತ್ತು ಗಂಟೆಗೆ ಪುಟ ಮುಗಿಯುತ್ತದೆ ಎನ್ನುವಾಗ 9.40ಕ್ಕೆ ಒಂದು ಮಿಸ್ಡ್ ಕಾಲ್ ಕೊಟ್ಟು ಹಾಗೆ ಬರೆಯುವುದು ಮೋಸ. ಆರೋಪ ಗಂಭೀರವಾಗಿದ್ದರೆ ಪ್ರಶ್ನೆಗಳನ್ನು ಬರೆದು ಇಮೇಲ್ ಮತ್ತು ವಾಟ್ಸ್‌ಆ್ಯಪ್ ಎರಡಕ್ಕೂ ಕಳಿಸಿ, ಉತ್ತರಕ್ಕೆ ಗಡುವು ನಮೂದಿಸಿ, ಎರಡು ಸಲ ಕರೆ ಮಾಡಿ. ಆಮೇಲೆ ‘ಬುಧವಾರ ಬೆಳಿಗ್ಗೆ ಕಳಿಸಿದ ಪ್ರಶ್ನೆಗಳಿಗೆ ಗುರುವಾರ ಸಂಜೆವರೆಗೆ ಉತ್ತರ ಬಂದಿಲ್ಲ’ ಎಂದು ಬರೆಯಿರಿ. ಓದುಗರಿಗೂ ಅಳತೆ ಸಿಗುತ್ತದೆ.

ನಮ್ಮೂರ ಡಾಂಬರು ರಸ್ತೆ ಒಂದೇ ಮಳೆಗಾಲಕ್ಕೆ ಕಿತ್ತುಹೋಯಿತು. ‘ಕಳಪೆ ಕಾಮಗಾರಿ, ಗ್ರಾಮಸ್ಥರ ಆರೋಪ’ ಎಂದು ಬರೆದೆ. ಎಂಜಿನಿಯರ್ ನಕ್ಕರು. ಗಟ್ಟಿ ಸುದ್ದಿ ಮಾಡುವುದು ಹೇಗೆ?
– ಹೊಸ ವರದಿಗಾರರು, ಶಿವಮೊಗ್ಗ ಜಿಲ್ಲೆ

ಅವರು ನಕ್ಕದ್ದು ಯಾಕೆಂದರೆ ‘ಕಳಪೆ’ಗೆ ಅಳತೆ ಇಲ್ಲ. ರಸ್ತೆಗೆ ಇದೆ. ಪ್ರತಿ ಕಾಮಗಾರಿಗೂ ನಾಲ್ಕು ಕಾಗದ ಇರುತ್ತವೆ: ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ (ಎಲ್ಲರೂ ಎಂ.ಬಿ. ಎನ್ನುವುದು ಇದನ್ನೇ), ಬಿಲ್ಲು. ಜೊತೆಗೆ ಗುಣಮಟ್ಟ ಪರೀಕ್ಷೆಯ ವರದಿ. ಸುದ್ದಿ ಸಿಗುವುದು ಎಂ.ಬಿ.ಯಲ್ಲಿ, ಯಾಕೆಂದರೆ ಏನು ಮಾಡಿದೆವು ಎಂದು ಎಂಜಿನಿಯರ್ ಸಹಿ ಹಾಕುವುದು ಅಲ್ಲಿ.

ಈ ಕಾಗದ ಕೇಳಲು ಹಾಕುವ ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಹೆಚ್ಚಿನವರು ಎಡವುವುದು ಇಲ್ಲೇ. ಐದು ರಸ್ತೆ, ಹತ್ತು ವರ್ಷ, ಎಲ್ಲ ಅಧಿಕಾರಿಗಳ ಆಸ್ತಿ, ಎಲ್ಲವನ್ನೂ ಒಂದೇ ಹಾಳೆಗೆ ತುಂಬಿ ತಿರಸ್ಕಾರ ಪಡೆಯುತ್ತಾರೆ. ಎರಡನೇ ತಪ್ಪು ‘ಯಾಕೆ ಕಿತ್ತುಹೋಯಿತು?’ ಎಂದು ಕೇಳುವುದು. ಕಾಯ್ದೆಯಡಿ ಸಿಗುವುದು ಇರುವ ದಾಖಲೆ, ಕಾರಣದ ವಿವರಣೆ ಅಲ್ಲ. ಹೀಗೆ ಬರೆಯಿರಿ:

‘... ಗ್ರಾಮದಿಂದ ... ಗ್ರಾಮದವರೆಗಿನ ರಸ್ತೆ ಡಾಂಬರೀಕರಣ ಕಾಮಗಾರಿಗೆ ಸಂಬಂಧಿಸಿದಂತೆ: 1. ಮಂಜೂರಾದ ಅಂದಾಜು ಪಟ್ಟಿಯ ಪ್ರತಿ. 2. ಕಾರ್ಯಾದೇಶದ ಪ್ರತಿ. 3. ಅಳತೆ ಪುಸ್ತಕದ ಸಂಬಂಧಿತ ಪುಟಗಳ ಪ್ರತಿ. 4. ಪಾವತಿಸಿದ ಎಲ್ಲ ಬಿಲ್ಲುಗಳ ಪ್ರತಿ. 5. ಗುಣಮಟ್ಟ ಪರೀಕ್ಷಾ ವರದಿಗಳ ಪ್ರತಿ. ಇವನ್ನು ದೃಢೀಕರಿಸಿ ನೀಡಲು ಕೋರಿದೆ.’

ಇಷ್ಟೇ. ಗ್ರಾಮ ಪಂಚಾಯಿತಿ ಕೆಲಸವಾದರೆ ಪಿಡಿಒಗೆ, ಲೋಕೋಪಯೋಗಿ ಅಥವಾ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದಾದರೆ ಆ ಉಪವಿಭಾಗದ ಮಾಹಿತಿ ಅಧಿಕಾರಿಗೆ. ತಪ್ಪು ಕಚೇರಿಗೆ ಹೋದರೂ ಅದನ್ನು 5 ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸುವ ಕೆಲಸ ಅವರದೇ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗ. ಅಧಿಕಾರಿಯ ವೈಯಕ್ತಿಕ ವಿವರ ಕೇಳಲು ಹೋಗಬೇಡಿ. ವೈಯಕ್ತಿಕ ಮಾಹಿತಿಯ ವಿನಾಯಿತಿ ಕೊಡುವ 8(1)(ಜೆ) ಉಪಕಲಮನ್ನು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನಷ್ಟು ಹಿಗ್ಗಿಸಿದೆ. ಅರ್ಜಿ ಅಲ್ಲಿಗೇ ಸಿಕ್ಕಿಕೊಳ್ಳುತ್ತದೆ.

ಕಾಗದ ಬಂದ ಮೇಲೆ ಲೆಕ್ಕ. 1 ಕಿಲೋಮೀಟರ್ ಉದ್ದ, 3.75 ಮೀಟರ್ ಅಗಲ, ಮೇಲ್ಪದರ 25 ಮಿಲಿಮೀಟರ್ ಎಂದು ಎಂ.ಬಿ.ಯಲ್ಲಿದೆ ಅನ್ನಿ. 1000 × 3.75 × 0.025 = 93.75 ಘನ ಮೀಟರ್. ಒತ್ತಿ ಗಟ್ಟಿಯಾದ ಡಾಂಬರು ಮಿಶ್ರಣ ಘನ ಮೀಟರಿಗೆ ಸುಮಾರು 2.3 ಟನ್ ತೂಗುತ್ತದೆ. ಅಲ್ಲಿಗೆ ಹತ್ತಿರ ಹತ್ತಿರ 215 ಟನ್. 15 ಟನ್ ಹೊರುವ ಟಿಪ್ಪರ್ ಎಂದರೆ 14–15 ಲೋಡು. ರಸ್ತೆ ಬದಿಯ ಚಹಾ ಅಂಗಡಿಯವರು, ಹೊಲದವರು ಆ ದಿನ ಎಷ್ಟು ಲೋಡು ಬಂತು ಎಂದು ಹೇಳಬಲ್ಲರು. ಅವರ ನೆನಪೇ ಸಾಕ್ಷ್ಯ ಅಲ್ಲ, ಆದರೆ ಮಿಶ್ರಣ ಘಟಕದ ತೂಕದ ಚೀಟಿ ಕೇಳಲು ಅದೇ ಕಾರಣವಾಗುತ್ತದೆ.

ಕಿತ್ತುಹೋದ ಅಂಚಿನಲ್ಲಿ ಪದರದ ದಪ್ಪಕ್ಕೆ ಸ್ಕೇಲು ಹಿಡಿದು, ಅಂಕಿ ಕಾಣುವಂತೆ, ಹತ್ತು ಕಡೆಯಾದರೂ ಫೋಟೊ ತೆಗೆಯಿರಿ. ಒಂದೇ ಕಡೆ ಅಳೆದು ಇಡೀ ರಸ್ತೆ 12 ಮಿಲಿಮೀಟರ್ ಎಂದು ಬರೆದರೆ ಎಂಜಿನಿಯರ್ ಮತ್ತೆ ನಗುತ್ತಾರೆ. ಗುದ್ದಲಿ ತಂದು ನೀವೇ ಅಗೆಯಬೇಡಿ, ಸಾರ್ವಜನಿಕ ಆಸ್ತಿ ಹಾಳು ಮಾಡಿದ ದೂರು ನಿಮ್ಮ ಮೇಲೇ ಬರುತ್ತದೆ. ಕಾಮಗಾರಿ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯ 2(ಜೆ)ಯಲ್ಲೇ ಇದೆ. ಬಳಸುವವರು ತೀರಾ ಕಡಿಮೆ. ಮಂಜೂರಾದ ದಪ್ಪ, ಬಿಲ್ಲಾದ ದಪ್ಪ, ಕಂಡ ದಪ್ಪ, ಈ ಮೂರೂ ಸಾಲಾಗಿ ನಿಂತರೆ ‘ಕಳಪೆ’ ಎಂಬ ಪದವೇ ಬೇಡ. ಪ್ರಕಟಿಸುವ ಮೊದಲು ಆ ಮೂರು ಅಂಕಿಯನ್ನು ಗುತ್ತಿಗೆದಾರರಿಗೂ ಎಂಜಿನಿಯರಿಗೂ ಕಳಿಸಿ. ಕೆಲವೊಮ್ಮೆ ಅಂದಾಜು ಪಟ್ಟಿ ನಡುವೆ ಪರಿಷ್ಕರಣೆಯಾಗಿ ದಪ್ಪ ಕಡಿಮೆಯಾಗಿರುತ್ತದೆ. ಅದು ಗೊತ್ತಾಗುವುದು ಅವರನ್ನು ಕೇಳಿದಾಗಲೇ.

ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣದಲ್ಲಿ ಬಾಲಕಿಯ ಹೆಸರು ಹಾಕಿರಲಿಲ್ಲ. ಊರಿನ ಹೆಸರು, ತಂದೆಯ ಉದ್ಯೋಗ ಹಾಕಿದ್ದೆವು. ಅಷ್ಟಕ್ಕೇ ತಪ್ಪಾಯಿತೇ?
– ಉಪಸಂಪಾದಕರು, ಹುಬ್ಬಳ್ಳಿ

ಆಯಿತು. 300 ಮನೆಯ ಹಳ್ಳಿ, ತಂದೆ ಆ ಊರಿನ ಏಕೈಕ ಅಂಚೆ ನೌಕರ ಎಂದ ಮೇಲೆ ಹೆಸರು ಬಿಟ್ಟು ಏನು ಪ್ರಯೋಜನ? ಪೋಕ್ಸೊ ಕಾಯ್ದೆಯ 23ನೇ ಕಲಂ ಹೆಸರು, ವಿಳಾಸ, ಚಿತ್ರದ ಜೊತೆಗೆ ಕುಟುಂಬದ ವಿವರ, ಶಾಲೆ, ನೆರೆಹೊರೆಯನ್ನೂ ಸೇರಿಸಿಯೇ ನಿಷೇಧಿಸುತ್ತದೆ. ಶಿಕ್ಷೆ ಆರು ತಿಂಗಳಿಂದ ಒಂದು ವರ್ಷ, ಅಥವಾ ದಂಡ, ಅಥವಾ ಎರಡೂ. ಪ್ರಕಾಶಕರು, ಮಾಲೀಕರೂ ಹೊಣೆ. ವಯಸ್ಕ ಸಂತ್ರಸ್ತೆಯ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಇದೆ. ದೂರದ ಸುಳಿವಿನಿಂದಲೂ ಗುರುತು ಸಿಗಬಾರದು ಎಂದು 2018ರ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಸಂತ್ರಸ್ತೆ ಮೃತಪಟ್ಟಿದ್ದರೂ ಅದೇ ನಿಯಮ. ಪ್ರತಿಭಟನೆಯ ಫ್ಲೆಕ್ಸಿನಲ್ಲಿ ಹೆಸರು ಇತ್ತು, ಪೊಲೀಸರ ಪ್ರಕಟಣೆಯಲ್ಲೇ ಇತ್ತು ಎಂಬುದು ಸಮರ್ಥನೆ ಆಗುವುದಿಲ್ಲ.

ಡೆಸ್ಕಿನಲ್ಲಿ ಹೆಚ್ಚು ಎಡವಟ್ಟಾಗುವುದು ಆರೋಪಿಯ ಮೂಲಕ. ಆರೋಪಿ ‘ಬಾಲಕಿಯ ಚಿಕ್ಕಪ್ಪ’ ಎಂದು ಬರೆದು ಆತನ ಹೆಸರನ್ನೂ ಊರನ್ನೂ ಕೊಟ್ಟರೆ ಮಗುವಿನ ಗುರುತೂ ಕೊಟ್ಟಂತೆ. ಸಂಬಂಧ ಹೇಳುವುದಾದರೆ ಹೆಸರು ಬಿಡಿ, ಹೆಸರು ಹೇಳುವುದಾದರೆ ಸಂಬಂಧ ಬಿಡಿ. ಇನ್ನೊಂದು ಜಿಗ್‌ಸಾ ಆಟ ಪತ್ರಿಕೆಗಳ ನಡುವೆ ನಡೆಯುತ್ತದೆ: ಒಬ್ಬರು ಶಾಲೆ ಬಿಟ್ಟು ಊರು ಹಾಕುತ್ತಾರೆ, ಇನ್ನೊಬ್ಬರು ಊರು ಬಿಟ್ಟು ಶಾಲೆ. ಎರಡನ್ನೂ ಓದಿದವರಿಗೆ ಮಗುವೇ ಸಿಗುತ್ತದೆ. ಆದ್ದರಿಂದ ತಾಲ್ಲೂಕಿನ ಹೆಸರಿಗೇ ನಿಲ್ಲಿಸಿ. ವೆಬ್ ಆವೃತ್ತಿಯ ಸಾಂದರ್ಭಿಕ ಚಿತ್ರ, ಟ್ಯಾಗ್, ಲಿಂಕಿನಲ್ಲಿ ಊರಿನ ಹೆಸರು ಉಳಿದಿದೆಯೇ ಎಂದು ಮುದ್ರಣದವರು ನೋಡುವುದೇ ಇಲ್ಲ. ಅಲ್ಲಿಯೂ ತೆಗೆಸಿ.

‘ಆತ್ಮಹತ್ಯೆಗೆ ಶರಣು’ ಎಂದು ಬರೆಯಬೇಡಿ ಅಂತ ನಮ್ಮ ಸುದ್ದಿ ಸಂಪಾದಕರು ಹೇಳುತ್ತಾರೆ. ಕನ್ನಡದಲ್ಲಿ ಎಲ್ಲರೂ ಬಳಸುವ ಮಾತಲ್ಲವೇ?
– ಓದುಗರು, ಮಂಡ್ಯ

ಅವರು ಹೇಳುವುದು ಸರಿ. ನಮ್ಮಲ್ಲಿ ಶರಣು ಹೋಗುವುದು ಆಸರೆ ಕೊಡುವವರ ಬಳಿಗೆ. ಆ ಪದದಲ್ಲಿ ಸಾವಿಗೆ ಒಂದು ನೆಮ್ಮದಿಯ ಬಣ್ಣ ಬರುತ್ತದೆ. ‘ಆತ್ಮಹತ್ಯೆ ಮಾಡಿಕೊಂಡರು’ ಎಂದರೆ ಸಾಕು. ಪತ್ರಿಕಾ ಮಂಡಳಿ 2019ರಲ್ಲಿ ಒಪ್ಪಿಕೊಂಡ ಮಾರ್ಗಸೂಚಿಯಂತೆ ವಿಧಾನ, ಸ್ಥಳದ ವಿವರ ಕೊಡಬಾರದು, ಫೋಟೊ ಬಳಸಬಾರದು, ಎದ್ದು ಕಾಣುವ ಜಾಗದಲ್ಲಿ ಹಾಕಬಾರದು. ರೈತರ ಸುದ್ದಿಯಲ್ಲಿ ಯಾವ ಕೀಟನಾಶಕ ಎಂಬ ಹೆಸರು ಇಂದಿಗೂ ಬರುತ್ತದೆ, ಪೊಲೀಸರ ಪ್ರಕಟಣೆಯಲ್ಲಿ ಇದ್ದದ್ದು ಹಾಗೇ ಇಳಿದಿರುತ್ತದೆ. ಅದನ್ನು ಹೊಡೆದು ಹಾಕಿ, ಆ ಜಾಗಕ್ಕೆ ಸಹಾಯವಾಣಿ ಸಂಖ್ಯೆ ಹಾಕಿ: ಟೆಲಿ ಮಾನಸ್, 14416. ‘ಸಾಲಬಾಧೆಯಿಂದ’ ಎಂದು ಒಂದೇ ಕಾರಣಕ್ಕೆ ಕಟ್ಟುವುದೂ ಬೇಡ. ಸಾಲ ಇದ್ದದ್ದು ದಾಖಲೆಯಲ್ಲಿದ್ದರೆ ಎಷ್ಟು, ಯಾವ ಬ್ಯಾಂಕು ಅಥವಾ ಸಂಘದ್ದು ಎಂದು ಪ್ರತ್ಯೇಕ ವಾಕ್ಯದಲ್ಲಿ ಬರೆಯಿರಿ.

ಆಟೊ ಚಾಲಕ ಆರೋಪಿಯಾದರೆ ‘ಈತ’, ಶಾಸಕರು ಆರೋಪಿಯಾದರೆ ‘ಅವರು’. ಇದು ಯಾವ ನ್ಯಾಯ?
– ಓದುಗರು, ಮೈಸೂರು

ನ್ಯಾಯ ಅಲ್ಲ, ಅಭ್ಯಾಸ. ಇಂಗ್ಲಿಷ್ ಪತ್ರಿಕೆಗಳಿಗೆ ಈ ಪೇಚು ಇಲ್ಲ, ನಮ್ಮ ಕ್ರಿಯಾಪದಕ್ಕೇ ಮರ್ಯಾದೆ ಅಂಟಿಕೊಂಡಿದೆ. ‘ಬಂಧಿಸಲಾಗಿದೆ’ ಎಂಬ ಹೊತ್ತಿಗೆ ಇಬ್ಬರೂ ಆರೋಪಿಗಳೇ, ಅಪರಾಧಿಗಳಲ್ಲ. ಎಲ್ಲರಿಗೂ ಬಹುವಚನ ಬಳಸುವುದು ಒಂದು ದಾರಿ. ಅದು ಬೇಡ ಎನ್ನುವ ಪತ್ರಿಕೆ ಎಲ್ಲ ಆರೋಪಿಗಳಿಗೂ ‘ಆರೋಪಿ’ ಎಂಬ ನಾಮಪದವನ್ನೇ ಬಳಸಿ ವಾಕ್ಯ ತಿರುಗಿಸಬಹುದು. ಯಾವುದಾದರೂ ಸರಿ, ಶಾಸಕರಿಗೂ ಚಾಲಕರಿಗೂ ಒಂದೇ ಆಗಿರಲಿ. ಪತ್ರಿಕೆಯ ಶೈಲಿ ಕೈಪಿಡಿಗೆ ಸೇರಿಸಲು ಒಂದು ಸಾಲು ಸಾಕು. ‘ಖದೀಮ’, ‘ಕಾಮುಕ’, ‘ಕಿರಾತಕ’ ಇವನ್ನು ಶೀರ್ಷಿಕೆಯಿಂದ ಹೊರಹಾಕಲು ಕೈಪಿಡಿಯೂ ಬೇಡ. ಅವರ ಬಿಡುಗಡೆಯ ಸುದ್ದಿ ಬಂದರೆ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಹಾಕುತ್ತೀರಾ?

ಪತ್ರಿಕೆಯೊಂದು ನನ್ನ ಅಂಗಡಿಯ ಬಗ್ಗೆ ಸುಳ್ಳು ಬರೆಯಿತು. ಫೋನ್ ಮಾಡಿದರೆ ‘ನಾಳೆ ಸ್ಪಷ್ಟನೆ ಹಾಕ್ತೀವಿ’ ಎಂದು ತಿಂಗಳಾಯಿತು. ಏನು ಮಾಡಲಿ?
– ಓದುಗರು, ತುಮಕೂರು

ಫೋನ್ ಬಿಡಿ, ಬರೆಯಿರಿ. ಪತ್ರಿಕೆಯ ಕೊನೆಯ ಪುಟದ ತಳದಲ್ಲಿ ಸಣ್ಣಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರು, ವಿಳಾಸ ಇರುತ್ತದೆ. ಆ ಸಂಪಾದಕರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ. ಯಾವ ದಿನ, ಯಾವ ಪುಟ, ಯಾವ ವಾಕ್ಯ ತಪ್ಪು, ಸರಿಯಾದದ್ದು ಏನು, ಅದಕ್ಕೆ ದಾಖಲೆ ಯಾವುದು, ಇಷ್ಟನ್ನು ಒಂದು ಪುಟದಲ್ಲಿ ಮುಗಿಸಿ. ‘ನನ್ನ ಮಾನ ಹೋಯಿತು’ ಎಂಬುದಕ್ಕೆ ಎರಡು ಪುಟ ಬರೆದರೆ ತಪ್ಪು ಯಾವುದು ಎಂಬುದೇ ಕಳೆದುಹೋಗುತ್ತದೆ.

ಉತ್ತರ ಬರದಿದ್ದರೆ, ಅಥವಾ ಬಂದದ್ದು ಸಮಾಧಾನ ಕೊಡದಿದ್ದರೆ, ದೆಹಲಿಯ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆ, ವಾರಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ, ಉಳಿದವಕ್ಕೆ ನಾಲ್ಕು ತಿಂಗಳು. ನಿಮಗೆ ಒಂದು ತಿಂಗಳು ಆಗಲೇ ಹೋಗಿದೆ. ಸುದ್ದಿಯ ಮೂಲ ತುಣುಕು, ಅದರ ಇಂಗ್ಲಿಷ್ ಅನುವಾದ, ಸಂಪಾದಕರಿಗೆ ಬರೆದ ಪತ್ರದ ಪ್ರತಿ, ಈ ವಿಷಯ ಯಾವ ಕೋರ್ಟಿನಲ್ಲೂ ಇಲ್ಲ ಎಂಬ ಘೋಷಣೆ ಲಗತ್ತಿಸಬೇಕು. ಅನುವಾದ ಇಲ್ಲದೆ ಕಳಿಸಿ ವಾರಗಟ್ಟಲೆ ಕಳೆದುಕೊಳ್ಳಬೇಡಿ. ಮಂಡಳಿ ಎಚ್ಚರಿಕೆ ನೀಡಬಹುದು, ಛೀಮಾರಿ ಹಾಕಬಹುದು, ಖಂಡಿಸಬಹುದು. ದಂಡ ವಿಧಿಸುವ, ಪರಿಹಾರ ಕೊಡಿಸುವ ಅಧಿಕಾರ ಅದಕ್ಕಿಲ್ಲ. ಟಿ.ವಿ. ವಾಹಿನಿಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಪರಿಹಾರವೇ ಬೇಕೆಂದರೆ ಸಿವಿಲ್ ದಾವೆ, ಅದಕ್ಕೆ ಒಂದು ವರ್ಷದ ಗಡುವು.

ಸುದ್ದಿಮನೆಯವರಿಗೂ ಒಂದು ಮಾತು. ತಿದ್ದುಪಡಿಯಲ್ಲಿ ‘ಕಣ್ತಪ್ಪಿನಿಂದ’ ಎಂಬ ಸವಕಲು ಪದ ಬಿಟ್ಟು, ಏನು ತಪ್ಪಾಗಿತ್ತು, ಸರಿ ಏನು ಎಂದು ಬರೆಯಿರಿ. ಮುಖಪುಟದ ತಪ್ಪಿಗೆ ಹನ್ನೊಂದನೇ ಪುಟದ ಮೂಲೆಯಲ್ಲಿ ವಿಷಾದ ಹಾಕಿದರೆ ಓದುಗರು ಮರೆಯುವುದಿಲ್ಲ. ವಕೀಲರಂತೂ ಮೊದಲೇ ಮರೆಯುವುದಿಲ್ಲ.

ಮಾತಾಡಿದ ಮೇಲೆ ‘ಇದೆಲ್ಲ ಆಫ್ ದಿ ರೆಕಾರ್ಡ್’ ಎನ್ನುತ್ತಾರೆ. ಒಪ್ಪಬೇಕೇ? ಮೂಲದ ಹೆಸರು ಹೇಳು ಎಂದು ಪೊಲೀಸರು ಕೇಳಿದರೆ?
– ಓದುಗರು, ಬೆಂಗಳೂರು

ಆಫ್ ದಿ ರೆಕಾರ್ಡ್ ಎಂಬುದು ಮಾತಿಗೆ ಮೊದಲೇ ಇಬ್ಬರೂ ಒಪ್ಪಿಕೊಳ್ಳಬೇಕಾದ ಕರಾರು. ಸಚಿವರು, ಅಧಿಕಾರಿಗಳು ಮಾತಾಡಿ ಮುಗಿಸಿದ ಮೇಲೆ ಹೇಳಿದರೆ ನೀವು ಬದ್ಧರಲ್ಲ. ಪತ್ರಿಕೆಯವರ ಜೊತೆ ಮೊದಲ ಸಲ ಮಾತಾಡುವ ಅಂಗನವಾಡಿ ಕಾರ್ಯಕರ್ತೆ, ಪೌರಕಾರ್ಮಿಕರ ವಿಷಯದಲ್ಲಿ ಹಾಗೆ ಪಟ್ಟು ಹಿಡಿಯಬೇಡಿ. ಅವರಿಗೆ ಈ ಆಟದ ನಿಯಮ ಗೊತ್ತಿಲ್ಲ, ಕೆಲಸ ಹೋಗುವುದು ಅವರದು. ಮಾತು ಶುರುವಾಗುವ ಮೊದಲೇ ‘ಹೆಸರು ಹಾಕಬಹುದಾ, ಹುದ್ದೆ ಮಾತ್ರ ಹಾಕಲಾ, ಏನೂ ಬೇಡವಾ?’ ಎಂದು ಕೇಳಿಬಿಡಿ.

ಮೂಲದ ರಕ್ಷಣೆಗೆ ನಮ್ಮ ದೇಶದಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಪತ್ರಿಕಾ ಮಂಡಳಿ ಕಾಯ್ದೆಯ 15(2) ಮಂಡಳಿಯ ವಿಚಾರಣೆಯಲ್ಲಿ ಮಾತ್ರ ಕಾಪಾಡುತ್ತದೆ, ಕೋರ್ಟಿನಲ್ಲಿ ಅಲ್ಲ. ಪೊಲೀಸರು ಕರೆದರೆ ಲಿಖಿತ ನೋಟಿಸು ಕೇಳಿ, ವಕೀಲರ ಜೊತೆ ಹೋಗಿ, ಬಾಯಿಮಾತಿನಲ್ಲಿ ಕೇಳಿದರೆಂದು ಫೋನನ್ನು ಒಪ್ಪಿಸಬೇಡಿ. ಅದಕ್ಕಿಂತ ಮುಖ್ಯವಾದದ್ದು ಮೊದಲೇ ಮಾಡುವ ಕೆಲಸ: ಮೂಲದ ಹೆಸರನ್ನು ಆ ಹೆಸರಿನಲ್ಲೇ ಫೋನಿನಲ್ಲಿ ಸೇವ್ ಮಾಡಬೇಡಿ, ಅವರು ಕೊಟ್ಟ ಕಡತದ ಫೋಟೊವನ್ನು ಹಾಗೇ ಅಚ್ಚು ಹಾಕಬೇಡಿ. ಅಂಚಿನಲ್ಲಿರುವ ಸ್ಟೇಪ್ಲರ್ ಗುರುತು, ಮೂಲೆಯ ಕೈಬರಹದ ಟಿಪ್ಪಣಿ, ಸೀಲಿನ ಓರೆ, ಇವನ್ನು ನೋಡಿಯೇ ಯಾರ ಮೇಜಿನ ಪ್ರತಿ ಎಂದು ಕಚೇರಿಯವರು ಹೇಳಿಬಿಡುತ್ತಾರೆ. ದಾಖಲೆಯಲ್ಲಿ ಇರುವುದನ್ನು ಮತ್ತೆ ಟೈಪ್ ಮಾಡಿ ಹಾಕಿ.

ಟಿಪ್ಪಣಿ ಪುಸ್ತಕ, ರೆಕಾರ್ಡಿಂಗ್ ಎಷ್ಟು ದಿನ ಇಟ್ಟುಕೊಳ್ಳಬೇಕು?
– ಪತ್ರಿಕೋದ್ಯಮ ವಿದ್ಯಾರ್ಥಿನಿ, ಮಂಗಳೂರು

ಕ್ರಿಮಿನಲ್ ಮಾನನಷ್ಟ ದೂರಿಗೆ ಮೂರು ವರ್ಷದ ಕಾಲಮಿತಿ ಇರುವುದರಿಂದ ಕನಿಷ್ಠ ಮೂರು ವರ್ಷ, ಕೇಸು ಬಂದರೆ ಮುಗಿಯುವವರೆಗೆ. ಸುರುಳಿ ಪುಸ್ತಕ ಬೇಡ, ಹೊಲಿದ ಪುಸ್ತಕ ಕೊಳ್ಳಿ, ಹಾಳೆ ಹರಿದಿದ್ದರೆ ಗೊತ್ತಾಗುತ್ತದೆ. ಪ್ರತಿ ಭೇಟಿಗೂ ದಿನಾಂಕ, ಗಂಟೆ, ಸ್ಥಳ. ಅವರ ಮಾತು ಯಥಾವತ್ತಾಗಿದ್ದರೆ ಮಾತ್ರ ಉದ್ಧರಣ ಚಿಹ್ನೆ, ನಿಮ್ಮ ಅನಿಸಿಕೆಯಾದರೆ ಅಂಚಿನಲ್ಲಿ. ರೆಕಾರ್ಡಿಂಗ್ ಮೂಲ ಫೋನಿನಲ್ಲೇ ಉಳಿಯಲಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರ ಕೊಡಲು ಆ ಉಪಕರಣದ ವಿವರ ಬೇಕಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊದ ಒಳಗಿನ ದಿನಾಂಕ, ಸ್ಥಳದ ವಿವರ ಅಳಿಸಿಹೋಗಿರುತ್ತದೆ, ಅದನ್ನು ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಮಳೆಗಾಲದಲ್ಲಿ ಜೆಲ್ ಪೆನ್ನು ಬೇಡ, ಬಾಲ್ ಪೆನ್ನೇ ಇರಲಿ.